ಮೊಲದ ಮೇಲೆ ಕೊಲೆಯ ಆರೋಪ: ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ನಿಜಕ್ಕೂ ಪತ್ತೇದಾರಿ ಚಿತ್ರವೇ?

ಸಂಜೆಯಾಟ:

ರಾಬರ್ಟ್ ಝೆಮೆಕಿಸ್ ನಿರ್ದೇಶಿಸಿದ, 1988ರಲ್ಲಿ ತೆರೆಕಂಡ ಈ ಚಿತ್ರವನ್ನು ಬಹಳ ವರ್ಷಗಳ ನಂತರ ಕಳೆದ ವಾರ ಮಗಳೊಂದಿಗೆ ಕುಳಿತು ಮತ್ತೆ ನೋಡಿದೆ. ಚಿತ್ರ ಆರಂಭವಾಗುವುದು ಅಪ್ಪಟ ಕಾರ್ಟೂನಿನಿಂದ. ಅಮ್ಮ ಹೊರಗೆ ಹೋಗುವಾಗ ಮಗುವನ್ನು ನೋಡಿಕೊಳ್ಳುವ ಹೊಣೆ ರೋಜರ್ ಎಂಬ ಮೊಲದ ಹೆಗಲಿಗೆ ಬೀಳುತ್ತದೆ. ಮಗು ಬಿಸ್ಕತ್ತಿನ ಆಸೆಗೆ ಅಡುಗೆಮನೆಯನ್ನೆಲ್ಲ ಹತ್ತಿ ಇಳಿಯುತ್ತದೆ. ಅದನ್ನು ಕಾಪಾಡಲು ಹೋದ ಮೊಲ ಸುಟ್ಟುಕೊಂಡು, ಜಾರಿ, ಗೋಡೆಗೆ ಬಡಿದು, ಕೊನೆಗೆ ಫ್ರಿಜ್ಜನ್ನೇ ತಲೆಯ ಮೇಲೆ ಬೀಳಿಸಿಕೊಳ್ಳುತ್ತದೆ. ಆಗ ತಲೆಯ ಸುತ್ತ ನಕ್ಷತ್ರಗಳು ಸುತ್ತಬೇಕಿತ್ತು, ಹಕ್ಕಿಗಳು ಸುತ್ತಿದವು ಎಂದು ನಿರ್ದೇಶಕ ಸಿಟ್ಟಿಗೆದ್ದು ‘ಕಟ್’ ಹೇಳುತ್ತಾನೆ. ಕ್ಯಾಮೆರಾ ಹಿಂದೆ ಸರಿದರೆ ಕಾಣುವುದು ನಿಜವಾದ ಸ್ಟುಡಿಯೊ, ನಿಜವಾದ ದೀಪಗಳು, ಬೇಸತ್ತು ನಿಂತ ನಿಜವಾದ ಮನುಷ್ಯರು. ಮಗುವಿನ ಪಾತ್ರಧಾರಿ ಮುದುಕನ ಗಡಸು ಧ್ವನಿಯಲ್ಲಿ ಬೈದುಕೊಂಡು ಸೆಟ್ಟಿನಿಂದ ಹೊರನಡೆಯುತ್ತಾನೆ. ಈ ನಾಲ್ಕೈದು ನಿಮಿಷಗಳಷ್ಟು ಚೊಕ್ಕವಾಗಿ ಒಂದು ಲೋಕದ ನಿಯಮವನ್ನು ಪ್ರೇಕ್ಷಕನಿಗೆ ತಿಳಿಸಿಕೊಟ್ಟ ಚಿತ್ರಗಳು ಹೆಚ್ಚಿಲ್ಲ.

ಆದರೆ ನನ್ನ ತಕರಾರು ಅದರ ಮುಂದಿನ ಕಥೆಯ ಬಗ್ಗೆ. 1947ರ ಲಾಸ್ ಏಂಜಲೀಸ್. ಎಡ್ಡಿ ವೇಲಿಯಂಟ್ ಎಂಬ ಖಾಸಗಿ ಪತ್ತೇದಾರನ ತಮ್ಮನನ್ನು ಕಾರ್ಟೂನ್ ಜೀವಿಗಳ ಊರಾದ ಟೂನ್‌ಟೌನಿನಲ್ಲಿ ಒಬ್ಬ ಟೂನ್ ಪಿಯಾನೊ ಬೀಳಿಸಿ ಕೊಂದಿದ್ದಾನೆ. ಅಂದಿನಿಂದ ಎಡ್ಡಿ ಕುಡಿತಕ್ಕೆ ಬಿದ್ದಿದ್ದಾನೆ. ರೋಜರನ ಹೆಂಡತಿ ಜೆಸ್ಸಿಕಾ ಮತ್ತು ಟೂನ್‌ಟೌನಿನ ಒಡೆಯ ಆಕ್ಮೆ ಜೊತೆಗಿರುವ ಫೋಟೊ ತೆಗೆಯುವ ಕೆಲಸ ಅವನಿಗೆ ಸಿಗುತ್ತದೆ. ಮರುದಿನ ಆಕ್ಮೆ ಹೆಣವಾಗಿರುತ್ತಾನೆ, ಆರೋಪ ಮೊಲದ ತಲೆಗೆ ಬರುತ್ತದೆ. ಅಷ್ಟರಲ್ಲಿ ಕಪ್ಪು ನಿಲುವಂಗಿ, ಕಪ್ಪು ಟೋಪಿ, ಕಪ್ಪು ಕನ್ನಡಕ ತೊಟ್ಟ ಜಡ್ಜ್ ಡೂಮ್ ಬಂದು, ಮುಗ್ಧ ಟೂನ್ ಬೂಟೊಂದನ್ನು ಎಲ್ಲರ ಕಣ್ಣೆದುರೇ ದ್ರಾವಣದಲ್ಲಿ ಅದ್ದಿ ಕರಗಿಸಿಬಿಡುತ್ತಾನೆ. ಇಷ್ಟಾದ ಮೇಲೆ ಕೊಲೆಗಾರ ಯಾರೆಂದು ಊಹಿಸಲು ಪತ್ತೇದಾರನೇ ಬೇಕೇ? ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ಮೂರು ನಾಲ್ಕು ಜನರ ಮೇಲಾದರೂ ಅನುಮಾನ ಸುಳಿಯಬೇಕು ಎಂದು ನಂಬಿದವನು ನಾನು. ತಂತ್ರದ ಬೆರಗನ್ನು ಪಕ್ಕಕ್ಕಿಟ್ಟರೆ ಇದರಲ್ಲಿ ಪತ್ತೆ ಹಚ್ಚುವ ಕೆಲಸ ಎಷ್ಟು ನಡೆದಿದೆ ಎಂಬುದು ನನ್ನ ಪ್ರಶ್ನೆ.

ಗೆರೆಗಾರ:

ತಂತ್ರವನ್ನು ಪಕ್ಕಕ್ಕಿಡಿ ಎಂದಿರಿ. ಅದು ಸಾಧ್ಯವಿಲ್ಲವೆಂಬುದೇ ನನ್ನ ವಾದ, ಹಾಗಾಗಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೊದಲ್ಲಿ ಲೈಟ್ ಬಾಕ್ಸಿನ ಮುಂದೆ ಕುಳಿತು ಏಳು ವರ್ಷ ಇನ್‌ಬಿಟ್ವೀನ್ ಬಿಡಿಸಿದವನು ನಾನು, ಅಂದರೆ ಹಿರಿಯ ಕಲಾವಿದರು ಬರೆದ ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು ತುಂಬುವುದು ನನ್ನ ಕಸುಬಾಗಿತ್ತು.

ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಕಾರ್ಟೂನಿನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿ, ಸೆಕೆಂಡಿಗೆ 12 ಚಿತ್ರಗಳಲ್ಲಿ ಕೆಲಸ ಮುಗಿಸುತ್ತಾರೆ. ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ. ಆದರೆ ಹಿಂದೆ ಇರುವುದು ನಿಜವಾದ ಕೋಣೆಯಾಗಿ, ಕ್ಯಾಮೆರಾ ಕೂಡ ಚಲಿಸುತ್ತಿದ್ದರೆ, ಪ್ರತಿ ಚೌಕಟ್ಟಿನಲ್ಲೂ ನೆಲ, ಮೇಜು, ನಟ ಎಲ್ಲವೂ ಕೂದಲೆಳೆಯಷ್ಟು ಜರುಗಿರುತ್ತವೆ. ಆಗ ಎರಡು ಚೌಕಟ್ಟಿಗೆ ಒಂದೇ ಚಿತ್ರ ಹಾಕಿದರೆ ಮೊಲದ ಪಾದ ನೆಲದ ಮೇಲೆ ಜಾರಿದಂತೆ ಕಾಣುತ್ತದೆ. ಆದ್ದರಿಂದಲೇ ಹಿಂದಿನವರು ಇಂಥ ದೃಶ್ಯಗಳಲ್ಲಿ ಕ್ಯಾಮೆರಾವನ್ನು ಹೆಚ್ಚಾಗಿ ಒಂದೆಡೆ ಕಟ್ಟಿಹಾಕುತ್ತಿದ್ದರು. ಈ ಚಿತ್ರದ ಅನಿಮೇಷನ್ ನಿರ್ದೇಶಕ ರಿಚರ್ಡ್ ವಿಲಿಯಮ್ಸ್ ಆ ಕಟ್ಟನ್ನು ಬಿಚ್ಚಿದರು. ಝೆಮೆಕಿಸ್ ತಮಗೆ ಬೇಕಾದಂತೆ ಕ್ಯಾಮೆರಾ ಆಡಿಸಲಿ, ನಾವು ಪ್ರತಿ ಚೌಕಟ್ಟಿಗೂ ಬೇರೆ ಚಿತ್ರ ಬರೆಯುತ್ತೇವೆ ಎಂದರು. ನಟರೊಂದಿಗೆ ಚಿತ್ರೀಕರಿಸಿದ ಭಾಗದ ಒಂದೊಂದು ಚೌಕಟ್ಟನ್ನೂ ದೊಡ್ಡ ಫೋಟೊ ಪ್ರತಿಯಾಗಿ ತೆಗೆದು, ಅದರ ಮೇಲೆ ಹಾಳೆಯಿಟ್ಟು ಕೈಯಿಂದ ಬಿಡಿಸಿದರು. ಹೀಗೆ ಬರೆದ ಚೌಕಟ್ಟುಗಳು 82,000ಕ್ಕೂ ಹೆಚ್ಚು. ಕಂಪ್ಯೂಟರಿನಲ್ಲಿ ಸೇರಿಸಿದ್ದು ಒಂದೂ ಇಲ್ಲ.

ಅದರ ಮೇಲೆ ಬೆಳಕಿನ ಕೆಲಸ. ಮೊಲದ ಮೂಲ ಬಣ್ಣ ಒಂದು ಪದರ, ಮೈಮೇಲಿನ ನೆರಳು ಇನ್ನೊಂದು, ಅಂಚಿನ ಹೊಳಪು ಮತ್ತೊಂದು, ನೆಲಕ್ಕೆ ಬಿದ್ದ ನೆರಳು ಮಗದೊಂದು. ಇವೆಲ್ಲವನ್ನೂ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ಸ್ಪೆಷಲ್ ಎಫೆಕ್ಟ್ಸ್ ಸಂಸ್ಥೆಯವರು ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಒಂದೇ ಫಿಲ್ಮಿನ ಮೇಲೆ ಒಂದರ ಮೇಲೊಂದು ಮುದ್ರಿಸಿದರು. ಹಾಗೆ ಪ್ರತಿಯಿಂದ ಪ್ರತಿ ತೆಗೆಯುತ್ತ ಹೋದರೆ ಚಿತ್ರ ಮಂಕಾಗುತ್ತದೆಯೆಂದು, ಮಾಮೂಲಿಗಿಂತ ಎರಡು ಪಟ್ಟು ದೊಡ್ಡ ಚೌಕಟ್ಟು ಸಿಗುವ ಹಳೆಯ ವಿಸ್ಟಾವಿಷನ್ ಕ್ಯಾಮೆರಾಗಳನ್ನು ಬಳಸಿದರು.

ಈಗ ಒಂದು ದೀಪದ ದೃಶ್ಯಕ್ಕೆ ಬರುತ್ತೇನೆ. ಬಾರಿನ ಹಿಂದಿನ ಕತ್ತಲೆ ಕೋಣೆಯಲ್ಲಿ ಎಡ್ಡಿ ಮತ್ತು ರೋಜರ್ ಒಂದೇ ಕೈಕೋಳದಲ್ಲಿ ಸಿಕ್ಕಿಕೊಂಡಿದ್ದಾರೆ. ಎಡ್ಡಿ ಗರಗಸದಿಂದ ಕೋಳ ಕೊಯ್ಯಲು ಹೊರಟಾಗ ಮೇಲೆ ತೂಗುತ್ತಿದ್ದ ದೀಪಕ್ಕೆ ತಲೆ ತಾಗಿ, ದೀಪ ತೊಟ್ಟಿಲಿನಂತೆ ತೂಗತೊಡಗುತ್ತದೆ. ಕಥೆಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದರೆ ದೀಪ ತೂಗಿದಷ್ಟು ಹೊತ್ತೂ ಮೊಲದ ಕಿವಿ, ಮೂತಿ, ಹೊಟ್ಟೆಯ ಮೇಲಿನ ನೆರಳು ಚೌಕಟ್ಟಿನಿಂದ ಚೌಕಟ್ಟಿಗೆ ಬದಲಾಗಬೇಕು. ನಾನೊಮ್ಮೆ ಸುಮ್ಮನೆ ನಿಂತ ದೀಪದ ಕೆಳಗಿನ ಪಾತ್ರಕ್ಕೆ ನಲವತ್ತು ಹಾಳೆಗಳಲ್ಲಿ ನೆರಳನ್ನು ತಪ್ಪು ಬದಿಗೆ ಹಾಕಿ, ರಾತ್ರಿಯೆಲ್ಲ ಕುಳಿತು ತಿದ್ದಿದ್ದೇನೆ; ತೂಗುವ ದೀಪವೆಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಯಾರೂ ಕೇಳದ ಕಡೆ ಹೆಚ್ಚಿನ ಶ್ರಮ ಹಾಕುವುದಕ್ಕೆ ‘ದೀಪಕ್ಕೆ ಡಿಕ್ಕಿ ಹೊಡೆಯುವುದು’ ಎಂಬ ಮಾತು ಡಿಸ್ನಿಯಲ್ಲಿ ಬಳಕೆಗೆ ಬಂದದ್ದು ಈ ದೃಶ್ಯದಿಂದಲೇ.

ಅದೇ ದೃಶ್ಯದಲ್ಲಿ ನಿಮ್ಮ ಪ್ರಶ್ನೆಗೂ ಉತ್ತರವಿದೆ. ಕೊಯ್ಯಲು ಅನುಕೂಲವಾಗಲೆಂದು ರೋಜರ್ ತನ್ನ ಕೈಯನ್ನು ಕೋಳದಿಂದ ಸಲೀಸಾಗಿ ಹೊರತೆಗೆದು ಪೆಟ್ಟಿಗೆಯನ್ನು ಹಿಡಿದುಕೊಳ್ಳುತ್ತಾನೆ. ಇಷ್ಟು ಹೊತ್ತೂ ಹೀಗೆ ಬಿಡಿಸಿಕೊಳ್ಳಬಹುದಿತ್ತೇ ಎಂದು ಎಡ್ಡಿ ಕೆರಳಿದರೆ, ಯಾವಾಗೆಂದರೆ ಆವಾಗ ಆಗುವುದಿಲ್ಲ, ನಗು ಬರುವಂತಿದ್ದಾಗ ಮಾತ್ರ ಆಗುತ್ತದೆ ಎಂಬ ಅರ್ಥದ ಉತ್ತರ ಬರುತ್ತದೆ. ಇದು ಬರೀ ಹಾಸ್ಯವಲ್ಲ, ಆ ಲೋಕದ ಭೌತಶಾಸ್ತ್ರ. ನಕ್ಕರೆ ಟೂನ್‌ಗಳಿಗೆ ಬಲ, ಅತಿಯಾಗಿ ನಕ್ಕರೆ ಸಾವು. ಹೀಗೆ ನಗುತ್ತಿದ್ದರೆ ಒಂದು ದಿನ ಸಾಯುತ್ತೀರಿ ಎಂದು ಡೂಮ್ ತನ್ನ ಮುಂಗುಸಿಯಂಥ ಬಂಟರನ್ನು ಮೊದಲೇ ಎಚ್ಚರಿಸಿರುತ್ತಾನೆ. ತಮ್ಮ ಸತ್ತ ಮೇಲೆ ನಗುವುದನ್ನೇ ಬಿಟ್ಟಿದ್ದ ಎಡ್ಡಿ ಕೊನೆಯಲ್ಲಿ ಕೋಡಂಗಿಯಂತೆ ಕುಣಿದು, ಆ ಬಂಟರನ್ನು ನಗಿಸಿಯೇ ಮುಗಿಸುತ್ತಾನೆ. ನಿಯಮವನ್ನು ಮೊದಲೇ ಹೇಳಿ, ಆ ನಿಯಮದಿಂದಲೇ ಗಂಟು ಬಿಡಿಸುವುದಕ್ಕಿಂತ ಪ್ರಾಮಾಣಿಕವಾದ ಪತ್ತೇದಾರಿ ಕಥೆ ಯಾವುದು?

ಸಂಜೆಯಾಟ:

ಗೆರೆಗಾರರೇ, ದೀಪದ ವಿಚಾರ ಓದಿ ಆ ದೃಶ್ಯವನ್ನು ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿದೆ, ಕೃತಜ್ಞತೆಗಳು. ಆದರೆ ನಿಯಮದ ಮಾತೆತ್ತಿದ್ದರಿಂದ ಕೇಳುತ್ತೇನೆ. ಬಾರಿನಲ್ಲಿ ಅಡಗಿದ ರೋಜರನನ್ನು ಹಿಡಿಯಲು ಡೂಮ್ ಗೋಡೆಯ ಮೇಲೆ ಏಳು ಪೆಟ್ಟಿನ ಒಂದು ಜನಪ್ರಿಯ ತಾಳದ ಮೊದಲ ಐದನ್ನು ತಟ್ಟಿ, ಕೊನೆಯ ಎರಡು ಪೆಟ್ಟುಗಳನ್ನು ಬಿಟ್ಟುಬಿಡುತ್ತಾನೆ. ಆ ಎರಡನ್ನು ಪೂರೈಸದೆ ಯಾವ ಟೂನ್‌ಗೂ ಇರಲಾಗದು ಎಂಬುದು ಅವನ ಲೆಕ್ಕ, ಮೊಲ ಗೋಡೆ ಒಡೆದುಕೊಂಡು ಬರುತ್ತದೆ. ಸರಿ, ಆದರೆ ಡೂಮ್ ಸ್ವತಃ ಟೂನ್ ಎಂದು ಕೊನೆಗೆ ಬಯಲಾಗುತ್ತದಲ್ಲ? ಹಾಗಿದ್ದಮೇಲೆ ತಾನು ತಟ್ಟಿದ ತಾಳವನ್ನು ಅರ್ಧಕ್ಕೆ ಬಿಡಲು ಅವನಿಗೆ ಹೇಗೆ ಸಾಧ್ಯವಾಯಿತು? ಇದನ್ನು ನಿಯಮಭಂಗ ಎನ್ನದೆ ಏನೆನ್ನಬೇಕು?

ರೆಡ್‌ಕಾರ್ ದಾರಿ:

ಲಾಸ್ ಏಂಜಲೀಸ್ ಪ್ರದೇಶದಲ್ಲಿ ಹದಿನಾರು ವರ್ಷಗಳಿಂದ ಇರುವ ಕನ್ನಡಿಗನಾಗಿ, ಕೊಲೆಯ ಉದ್ದೇಶದ ಬಗ್ಗೆ ನಾಲ್ಕು ಮಾತು. ಕೊಲೆಗಾರ ಯಾರು ಎಂಬುದು ಸುಲಭವಿರಬಹುದು, ಏಕೆ ಕೊಂದ ಎಂಬುದು ಸುಲಭವಲ್ಲ, ಮತ್ತು ಚಿತ್ರದ ನಿಜವಾದ ರಹಸ್ಯ ಇರುವುದು ಅಲ್ಲಿ. ಊರಿನ ಕೆಂಪು ಟ್ರಾಮುಗಳನ್ನು ಕ್ಲೋವರ್‌ಲೀಫ್ ಎಂಬ ಡೂಮ್‌ನ ಕಂಪನಿ ಕೊಳ್ಳುವುದು ಅವನ್ನು ಓಡಿಸಲಿಕ್ಕಲ್ಲ, ಮುಚ್ಚಲಿಕ್ಕೆ. ಟೂನ್‌ಟೌನನ್ನು ಅಳಿಸಿ ಅಲ್ಲಿ ಫ್ರೀವೇ ಎಂಬ ಹೆದ್ದಾರಿ ಹಾಯಿಸಿ, ಅದರ ಇಕ್ಕೆಲಗಳಲ್ಲಿ ಪೆಟ್ರೋಲ್ ಬಂಕು, ಟೈರಿನಂಗಡಿ, ಜಾಹೀರಾತು ಫಲಕಗಳನ್ನು ನಿಲ್ಲಿಸಿ ಹಣ ಮಾಡುವುದು ಡೂಮ್‌ನ ಹಂಚಿಕೆ. ಅವನು ಕಣ್ಣರಳಿಸಿ ಆ ಕನಸನ್ನು ವರ್ಣಿಸುವಾಗ ಇಲ್ಲಿನ ಪ್ರೇಕ್ಷಕರು ನಗುತ್ತಾರೆ, ಏಕೆಂದರೆ ಅವರು ದಿನಾಲೂ ಗಂಟೆಗಟ್ಟಲೆ ಅದೇ ಕನಸಿನಲ್ಲಿ ಕಾರು ನಿಲ್ಲಿಸಿಕೊಂಡು ಕುಳಿತಿರುತ್ತಾರೆ.

ಕೆಂಪು ಟ್ರಾಮುಗಳು ಕಟ್ಟುಕಥೆಯಲ್ಲ. ಪೆಸಿಫಿಕ್ ಎಲೆಕ್ಟ್ರಿಕ್ ರೈಲ್ವೆಯ ಹಳಿಗಳು ಉತ್ತುಂಗದ ಕಾಲದಲ್ಲಿ ಸಾವಿರ ಮೈಲಿಗೂ ಹೆಚ್ಚು ಹಬ್ಬಿದ್ದವು. ಲಾಂಗ್ ಬೀಚಿಗೆ ಹೋಗುತ್ತಿದ್ದ ಅದರ ಕೊನೆಯ ಮಾರ್ಗ 1961ರಲ್ಲಿ ನಿಂತಿತು. 1990ರಲ್ಲಿ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೊಸ ರೈಲು ಆರಂಭವಾಯಿತು, ನಾನು ಕೆಲಸಕ್ಕೆ ಹೋಗುವುದು ಅದರಲ್ಲೇ.

ಆದರೆ ಈ ಚಿತ್ರ ನೋಡಿದ ಎಷ್ಟೋ ಜನ, ಕಾರಿನ ಕಂಪನಿಗಳೇ ಸಂಚು ಹೂಡಿ ಟ್ರಾಮುಗಳನ್ನು ಕೊಂದವು ಎಂಬುದನ್ನು ಇತಿಹಾಸವೆಂದೇ ನಂಬಿದ್ದಾರೆ. ನಡೆದದ್ದು ಅಷ್ಟು ಸರಳವಲ್ಲ. ಜನರಲ್ ಮೋಟಾರ್ಸ್ ಮೊದಲಾದ ಕಂಪನಿಗಳ ಹಣ ಪಡೆದಿದ್ದ ನ್ಯಾಷನಲ್ ಸಿಟಿ ಲೈನ್ಸ್ ಸಂಸ್ಥೆ 1945ರಲ್ಲಿ ಕೊಂಡದ್ದು ಇದೇ ಊರಿನ ಇನ್ನೊಂದು ಜಾಲವನ್ನು, ಹಳದಿ ಟ್ರಾಮುಗಳನ್ನು. ಕೆಂಪು ಟ್ರಾಮುಗಳು ಸದರ್ನ್ ಪೆಸಿಫಿಕ್ ರೈಲ್ವೆಯ ಕೈಯಲ್ಲೇ ಇದ್ದವು. 1949ರಲ್ಲಿ ಷಿಕಾಗೊದ ಫೆಡರಲ್ ನ್ಯಾಯಾಲಯದಲ್ಲಿ ಆ ಕಂಪನಿಗಳು ತಪ್ಪಿತಸ್ಥರೆಂದು ತೀರ್ಮಾನವಾದದ್ದು ನಿಜ, ಆದರೆ ಅಪರಾಧ ಬಸ್ಸು ಮತ್ತು ಬಿಡಿಭಾಗಗಳ ಮಾರಾಟದಲ್ಲಿ ಏಕಸ್ವಾಮ್ಯಕ್ಕೆ ಸಂಚು ಮಾಡಿದ್ದು. ಜನರಲ್ ಮೋಟಾರ್ಸಿಗೆ ಬಿದ್ದ ದಂಡ 5,000 ಡಾಲರ್, ಅದರ ಖಜಾಂಚಿಗೆ 1 ಡಾಲರ್! ಟ್ರಾಮುಗಳಿಗೆ ಬೇರೆ ಕಾಯಿಲೆಗಳೂ ಇದ್ದವು: ಹೆನ್ರಿ ಹಂಟಿಂಗ್‌ಟನ್ ಆ ಹಳಿಗಳನ್ನು ಹಾಕಿಸಿದ್ದೇ ತಾನು ಕೊಂಡಿದ್ದ ಜಮೀನಿನ ಸೈಟುಗಳು ಮಾರಾಟವಾಗಲೆಂದು, ಸೈಟು ಮುಗಿದ ಮೇಲೆ ಟಿಕೆಟ್ಟಿನ ಹಣದಿಂದಲೇ ಬದುಕುವುದು ಕಷ್ಟವಾಯಿತು, ಜೊತೆಗೆ ಬೀದಿಯ ಮೇಲೆ ಓಡುವ ಟ್ರಾಮು ಕಾರುಗಳ ನಡುವೆಯೇ ಸಿಕ್ಕಿ ತಡವಾಗುತ್ತಿತ್ತು. ಇನ್ನೊಂದು ಮಾತು: 1947ರಲ್ಲಿ ಡೂಮ್ ತನ್ನ ಹೊಸ ಕಲ್ಪನೆಯೆಂಬಂತೆ ಫ್ರೀವೇ ಎಂದರೇನೆಂದು ವಿವರಿಸುತ್ತಾನೆ, ಆದರೆ ಪಾಸಡೀನಕ್ಕೆ ಹೋಗುವ ಅರೊಯೊ ಸೆಕೊ ಪಾರ್ಕ್‌ವೇ ಎಂಬ ಅಂಥದೇ ಹೆದ್ದಾರಿ 1940ರ ಕೊನೆಯಲ್ಲೇ ತೆರೆದಿತ್ತು.

ಇಷ್ಟೆಲ್ಲ ತಕರಾರಿನ ನಂತರವೂ ನನಗೆ ಈ ಚಿತ್ರ ಇಷ್ಟ. ಊರಿನ ನೆಲವನ್ನು ನುಂಗುವವನೇ ನಿಜವಾದ ಕೊಲೆಗಾರ ಎಂಬುದು ಲಾಸ್ ಏಂಜಲೀಸಿನ ಪತ್ತೇದಾರಿ ಕಥೆಗಳಲ್ಲಿ ಹಳೆಯ ಹಾಡು. ಅದನ್ನು ಮಕ್ಕಳೂ ನೋಡುವ ಚಿತ್ರದೊಳಗೆ ತಂದಿಟ್ಟರಲ್ಲ, ಅದು ಎದೆಗಾರಿಕೆ.

ಹೊಸ್ತಿಲು:

ಊರಿನ ನೆಲದ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಆ ನೆಲದ ಮೇಲೆ ಇರುವವರು ಯಾರೆಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ. ‘ಇಂಕ್ ಅಂಡ್ ಪೇಂಟ್’ ಕ್ಲಬ್ಬಿನ ದೃಶ್ಯವನ್ನು ಗಮನಿಸಿ. ವೇದಿಕೆಯ ಮೇಲೆ ಪಿಯಾನೊ ಬಾರಿಸುವವರು, ತಟ್ಟೆ ಹಿಡಿದು ಓಡಾಡುವ ಪೆಂಗ್ವಿನ್‌ಗಳು, ಬಾಗಿಲು ಕಾಯುವ ಗೊರಿಲ್ಲಾ, ಎಲ್ಲರೂ ಟೂನ್‌ಗಳು. ಕುಳಿತು ಕುಡಿಯುವವರು ಮಾತ್ರ ಮನುಷ್ಯರು. ಕಪ್ಪು ಕಲಾವಿದರು ಹಾಡಿ ಕುಣಿದು, ಬಿಳಿಯರು ಮಾತ್ರ ಗಿರಾಕಿಗಳಾಗಿದ್ದ ನ್ಯೂಯಾರ್ಕಿನ ಹಾರ್ಲೆಮ್‌ನ ಕಾಟನ್ ಕ್ಲಬ್ ಅಮೆರಿಕದವರಿಗೆ ಇಲ್ಲಿ ನೆನಪಾಗದೆ ಇರದು. ಅದೇ ಕ್ಲಬ್ಬಿನಲ್ಲಿ ಹಳೆಯ ಕಾರ್ಟೂನುಗಳ ನಾಯಕಿ ಬೆಟ್ಟಿ ಬೂಪ್ ಕಪ್ಪು-ಬಿಳುಪಿನಲ್ಲೇ ಸಿಗರೇಟು ಮಾರುತ್ತ ಬರುತ್ತಾಳೆ, ಕಾರ್ಟೂನುಗಳು ಬಣ್ಣಕ್ಕೆ ತಿರುಗಿದ ಮೇಲೆ ತನಗೆ ಕೆಲಸ ಕಡಿಮೆಯಾಯಿತೆಂದು ಎಡ್ಡಿಯ ಬಳಿ ಹೇಳಿಕೊಳ್ಳುತ್ತಾಳೆ. ಧ್ವನಿ ಕೊಟ್ಟವರು 1930ರ ದಶಕದಲ್ಲಿ ಅದೇ ಪಾತ್ರಕ್ಕೆ ಧ್ವನಿಯಾಗಿದ್ದ ಮೇ ಕ್ವೆಸ್ಟೆಲ್. ಆ ಅರ್ಧ ನಿಮಿಷ ನೋಡಿ ನನಗೆ ನಗು ಬರಲಿಲ್ಲ.

ಜೆಸ್ಸಿಕಾ ಬಗ್ಗೆ ನನ್ನ ಅಭಿಪ್ರಾಯ ಎರಡು ಮನಸ್ಸಿನದು. ಇಂಥ ಕಥೆಗಳಲ್ಲಿ ಮಾದಕ ಹೆಣ್ಣು ಗಂಡನಿಗೆ ದ್ರೋಹ ಬಗೆಯುವುದು ರೂಢಿ. ಇಲ್ಲಿ ಅವಳು ಮೊದಲಿಂದ ಕೊನೆಯವರೆಗೆ ಗಂಡನನ್ನು ಉಳಿಸಲು ಹೆಣಗುತ್ತಾಳೆ, ತಾನು ಕೆಟ್ಟವಳಲ್ಲ, ತನ್ನನ್ನು ಬಿಡಿಸಿರುವುದೇ ಹಾಗೆ ಎನ್ನುತ್ತಾಳೆ. ಜಾಣ ಮಾತು, ಒಪ್ಪುತ್ತೇನೆ. ಆದರೆ ಹಾಗೆ ಬಿಡಿಸಿದವರೂ, ಆ ಮಾತನ್ನು ಅವಳ ಬಾಯಿಗೆ ಇಟ್ಟವರೂ ಒಂದೇ ಕಡೆಯ ಜನ. ಕ್ಷಮೆ ಕೇಳುತ್ತಲೇ ಕಣ್ಣು ಹಾಯಿಸುವ ಕ್ಯಾಮೆರಾ ಅದು. ಅನುಮಾನ ಹಂಚಿಕೆಯಾಗಿಲ್ಲ ಎಂದ ಸಂಜೆಯಾಟ ಅವರಿಗೆ ಇಷ್ಟು ಹೇಳುತ್ತೇನೆ: ಅರ್ಧ ಚಿತ್ರದವರೆಗೆ ಪ್ರೇಕ್ಷಕರು ಅನುಮಾನಿಸುವುದು ಅವಳನ್ನೇ, ಅದೂ ಅವಳ ಮೈಮಾಟದ ಕಾರಣಕ್ಕೆ ಮಾತ್ರ.

ಕೊನೆ ಬೆಂಚು:

ಒಂದು ಸಣ್ಣ ಸಂದೇಹ. ಮಿಕ್ಕಿ ಮೌಸ್ ಡಿಸ್ನಿಯವರದು, ಬಗ್ಸ್ ಬನ್ನಿ ವಾರ್ನರ್ ಬ್ರದರ್ಸ್ ಅವರದು. ಇವರಿಬ್ಬರನ್ನೂ ಒಂದೇ ಚಿತ್ರದಲ್ಲಿ ತರಲು ಒಪ್ಪಿಗೆ ಸಿಕ್ಕಿದ್ದು ಹೇಗೆ? ಇನ್ನೊಂದು: ಮರುವರ್ಷವೇ, 1989ರಲ್ಲಿ, ರಜನಿಕಾಂತ್ ಅವರ ತಮಿಳು ಚಿತ್ರ ‘ರಾಜ ಚಿನ್ನ ರೋಜ’ದ ಹಾಡೊಂದರಲ್ಲಿ ಕಾರ್ಟೂನ್ ಪ್ರಾಣಿಗಳು ನಟರ ಜೊತೆ ಕುಣಿದದ್ದನ್ನು ಚಿಕ್ಕಂದಿನಲ್ಲಿ ನೋಡಿ ಬಾಯಿ ಬಿಟ್ಟಿದ್ದೆ. ಈ ಚಿತ್ರವನ್ನು ನೋಡಿದ್ದು ಅದಕ್ಕಿಂತ ಎಷ್ಟೋ ವರ್ಷಗಳ ನಂತರ.

ಸಂಜೆಯಾಟ:

ಚಿತ್ರ ಡಿಸ್ನಿಯ ಟಚ್‌ಸ್ಟೋನ್ ಹೆಸರಿನಲ್ಲಿ ಬಂದರೂ, ಸ್ಟೀವನ್ ಸ್ಪೀಲ್‌ಬರ್ಗ್ ಅವರ ಆಂಬ್ಲಿನ್ ಸಂಸ್ಥೆ ಜೊತೆಗಿತ್ತು. ಬೇರೆ ಸ್ಟುಡಿಯೊಗಳ ಬಾಗಿಲು ತೆರೆದದ್ದರಲ್ಲಿ ಸ್ಪೀಲ್‌ಬರ್ಗ್ ಅವರ ಮಾತಿನ ಪಾತ್ರ ದೊಡ್ಡದು. ವಾರ್ನರ್ ಅವರ ಷರತ್ತು ಬೀಗರ ಮನೆಯ ಮರ್ಯಾದೆಯಂತಿತ್ತು: ನಿಮ್ಮ ಮಿಕ್ಕಿ ಎಷ್ಟು ಹೊತ್ತು ಕಾಣುತ್ತಾನೋ ನಮ್ಮ ಬಗ್ಸ್ ಕೂಡ ಅಷ್ಟೇ ಹೊತ್ತು ಕಾಣಬೇಕು. ಅದಕ್ಕೇ ಇಬ್ಬರೂ ಪ್ಯಾರಾಷೂಟ್ ಕಟ್ಟಿಕೊಂಡು, ಕೆಳಗೆ ಬೀಳುತ್ತಿರುವ ಎಡ್ಡಿಯ ಅಕ್ಕಪಕ್ಕದಲ್ಲಿ ಒಟ್ಟಿಗೆ ಇಳಿಯುತ್ತಾರೆ. ಡೊನಾಲ್ಡ್ ಮತ್ತು ಡ್ಯಾಫಿ ಬಾತುಗಳ ಪಿಯಾನೊ ಜಗಳ ನಡೆಯುವುದೂ ಸರಿಸಮವಾಗಿಯೇ. ಪಾಪಾಯ್, ಟಾಮ್ ಮತ್ತು ಜೆರ್ರಿ ಮಾತ್ರ ಸಿಗಲಿಲ್ಲ. ಕೊನೆಯ ಗುಂಪಿನಲ್ಲಿ ರೋಡ್‌ರನ್ನರ್ ಇದೆ, ಕಥೆ ನಡೆಯುವುದು 1947ರಲ್ಲಿ, ಆ ಹಕ್ಕಿ ಮೊದಲು ತೆರೆಗೆ ಬಂದದ್ದು 1949ರಲ್ಲಿ. ಆದರೆ ಅಂಥ ಲೆಕ್ಕ ಹಿಡಿದು ಚಿತ್ರ ನೋಡಿದರೆ ಸುಖವಿಲ್ಲ.

ಮೂಲ ಕಾದಂಬರಿಯನ್ನು ಗ್ಯಾರಿ ವುಲ್ಫ್ 1981ರಲ್ಲಿ ಪ್ರಕಟಿಸಿದರು. ಅದರಲ್ಲಿ ಟೂನ್‌ಗಳು ಪತ್ರಿಕೆಯ ಚಿತ್ರಕಥೆಯ ಪಾತ್ರಗಳು, ಆಡಿದ ಮಾತು ಗುಳ್ಳೆಯಾಗಿ ತಲೆಯ ಮೇಲೆ ಮೂಡುತ್ತದೆ, ಮತ್ತು ರೋಜರನೇ ಕೊಲೆಯಾಗುತ್ತಾನೆ. ಸಿನಿಮಾದವರು ಅವನನ್ನು ಬದುಕಿಸಿ ಆರೋಪಿಯಾಗಿಸಿದ್ದರಿಂದ ಹೆಸರಿನ ಶ್ಲೇಷೆಯೂ ಹೊಂದಿಕೊಂಡಿತು: ‘ಫ್ರೇಮ್’ ಎಂಬ ಇಂಗ್ಲಿಷ್ ಪದಕ್ಕೆ ಚೌಕಟ್ಟು ಎಂಬ ಅರ್ಥವೂ ಇದೆ, ಸುಳ್ಳು ಕೇಸಿನಲ್ಲಿ ಸಿಕ್ಕಿಸುವುದು ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಎರಡನ್ನೂ ಒಂದೇ ಪದದಲ್ಲಿ ಹಿಡಿಯಲು ಮಗಳೂ ನಾನೂ ಒಂದು ಸಂಜೆ ಪ್ರಯತ್ನಿಸಿ ಸೋತೆವು.

ಗೆರೆಗಾರ:

ಆ ತಾಳದ ಪ್ರಶ್ನೆಗೆ ಬರುತ್ತೇನೆ, ಎರಡು ದಿನ ತಡವಾಯಿತು. ಡೂಮ್ ತಾನು ಟೂನ್ ಎಂಬುದನ್ನು ಮೈತುಂಬ ಮುಚ್ಚಿಕೊಂಡವನು. ಆ ಪಾತ್ರದಲ್ಲಿ ಕ್ರಿಸ್ಟೋಫರ್ ಲಾಯ್ಡ್ ಕಣ್ಣು ಮಿಟುಕಿಸುವುದೇ ಇಲ್ಲ. ಹಾಗೆ ಸ್ವಭಾವವನ್ನೇ ಅದುಮಿಟ್ಟವನಿಗೆ ಎರಡು ಪೆಟ್ಟು ಅದುಮುವುದು ಅಸಾಧ್ಯವಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಇದು ವಕೀಲಿಕೆ ಎಂದರೆ ಒಪ್ಪುತ್ತೇನೆ. ಆದರೆ ನೀವು ಹೇಳಿದ ಬೂಟಿನ ದೃಶ್ಯವನ್ನೇ ಮತ್ತೊಮ್ಮೆ ನೋಡಿ. ಆ ದ್ರಾವಣದಲ್ಲಿರುವುದು ಟರ್ಪೆಂಟೈನ್, ಅಸಿಟೋನ್, ಬೆಂಜೀನ್, ಅಂದರೆ ಬಣ್ಣ ಕರಗಿಸುವ ದ್ರಾವಕಗಳು. ಬೂಟನ್ನು ಅದ್ದುವ ಮೊದಲು ಡೂಮ್ ಏನು ಹಾಕಿಕೊಳ್ಳುತ್ತಾನೆ?

ಸಂಜೆಯಾಟ:

ನೋಡಿದೆ. ದಪ್ಪ ರಬ್ಬರ್ ಗವಸು, ಮೊಣಕೈವರೆಗೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಮ್ಮೆದುರೇ ಎಳೆದು ಸರಿಮಾಡಿಕೊಳ್ಳುತ್ತಾನೆ; ನಾನು ಆಗ ಬೂಟಿನ ಮುಖ ನೋಡುತ್ತ ಮರುಗುತ್ತಿದ್ದೆ. ಆಮೇಲೆ ಕ್ಲಬ್ಬಿನ ದೃಶ್ಯಕ್ಕೂ ಹೋದೆ. ಆಕ್ಮೆ ತಮಾಷೆಗೆಂದು ಎಡ್ಡಿಯ ಅಂಗಿಗೆ ಮಸಿ ಚಿಮ್ಮಿಸುತ್ತಾನೆ, ಮಸಿ ಕ್ಷಣದಲ್ಲಿ ಮಾಯವಾಗುತ್ತದೆ. ಎಲ್ಲರೂ ಹುಡುಕುವ ಆಕ್ಮೆಯ ಉಯಿಲನ್ನು ಬರೆದದ್ದು ಮಾಯವಾಗಿ ಮತ್ತೆ ಮೂಡುವ ಮಸಿಯಲ್ಲಿ, ಅದು ಖಾಲಿ ಹಾಳೆಯೆಂದು ತಿಳಿದು ರೋಜರ್ ಹೆಂಡತಿಗೆ ಪ್ರೇಮಪತ್ರ ಬರೆದಿರುವುದು ಅದರ ಮೇಲೆಯೇ. ಸುಳಿವನ್ನು ಮೊದಲೇ ಕೈಗೆ ಕೊಟ್ಟಿದ್ದಾರೆ, ನಗುವಿನ ಪೊಟ್ಟಣದಲ್ಲಿ ಕಟ್ಟಿ ಕೊಟ್ಟಿದ್ದರಿಂದ ನಾನು ತೆರೆದು ನೋಡಲಿಲ್ಲ.

ಆದ್ದರಿಂದ ಪತ್ತೇದಾರಿ ಚಿತ್ರವಲ್ಲ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ತಾಳದ ವಿಷಯದಲ್ಲಿ ಮಾತ್ರ ನಿಮ್ಮ ವಕೀಲಿಕೆ ನನಗೆ ಒಪ್ಪಿಗೆಯಾಗಿಲ್ಲ. ನಿನ್ನೆ ಊಟದ ಮೇಜಿನ ಮೇಲೆ ಆ ಐದು ಪೆಟ್ಟು ತಟ್ಟಿ ಸುಮ್ಮನಾದೆ. ಅಡುಗೆಮನೆಯ ಒಳಗಿಂದ ಮಗಳು ಉಳಿದೆರಡನ್ನು ತಟ್ಟಿದಳು.